ತೆರೆಯದೆ ಓದುವ ಉಪಕರಣಗಳು: ಕುತಂತ್ರಿ ದಾಖಲೆಗಳ ಬಗೆಗಿನ ತಪ್ಪು ಕಲ್ಪನೆ ಮತ್ತು ಸತ್ಯ

ವರ್ಡ್, ಎಕ್ಸೆಲ್ ಅಥವಾ ಪಿಡಿಎಫ್ ಕಡತವೆಂದರೆ ಅಕ್ಷರಗಳನ್ನೂ ಚಿತ್ರಗಳನ್ನೂ ಹೊತ್ತ ಹಾಳೆಯ ಡಿಜಿಟಲ್ ರೂಪವಷ್ಟೇ, ಅಪಾಯವೇನಿದ್ದರೂ ಪ್ರೋಗ್ರಾಮ್‌ಗಳಿಂದಲೇ ಹೊರತು ದಾಖಲೆಗಳಿಂದಲ್ಲ ಎಂಬ ನಂಬಿಕೆ ಕಂಪ್ಯೂಟರ್ ಬಳಕೆದಾರರಲ್ಲಿ ಆಳವಾಗಿ ಬೇರೂರಿದೆ. 1995ರಲ್ಲಿ ‘ಕಾನ್ಸೆಪ್ಟ್’ ಎಂಬ ವೈರಸ್ ವರ್ಡ್ ಕಡತಗಳ ಮೂಲಕವೇ ಹರಡಿದಾಗ ಈ ನಂಬಿಕೆ ಸುಳ್ಳೆಂದು ತೋರಿಬಂದಿತು. 1999ರ ಮಾರ್ಚ್‌ನಲ್ಲಿ ಕಾಣಿಸಿಕೊಂಡ ‘ಮೆಲಿಸ್ಸಾ’ ವೈರಸ್, ದಾಖಲೆಯನ್ನು ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತ ಹಲವು ಸಂಸ್ಥೆಗಳ ಇಮೇಲ್ ವ್ಯವಸ್ಥೆಯನ್ನೇ ಉಸಿರುಗಟ್ಟಿಸಿತು. ಇದು ಸಾಧ್ಯವಾದದ್ದು ಮ್ಯಾಕ್ರೊಗಳಿಂದ, ಅಂದರೆ ಪದೇ ಪದೇ ಮಾಡುವ ಕೆಲಸವನ್ನು ತಾನಾಗಿಯೇ ನಡೆಸಲೆಂದು ದಾಖಲೆಯೊಳಗೆ ಬರೆದಿಡುವ ಪುಟ್ಟ ಪ್ರೋಗ್ರಾಮ್‌ಗಳಿಂದ.

ಹಳೆಯ ವರ್ಡ್ ಮತ್ತು ಎಕ್ಸೆಲ್ ಕಡತಗಳು ಓಎಲ್‌ಇ ಎಂಬ ರಚನೆಯನ್ನು ಅನುಸರಿಸುತ್ತವೆ; ಒಂದೇ ಕಡತದೊಳಗೆ ಫೋಲ್ಡರ್‌ಗಳನ್ನೂ ಉಪಕಡತಗಳನ್ನೂ ಹೋಲುವ ಭಾಗಗಳಿದ್ದು, ಪಠ್ಯ ಒಂದೆಡೆ, ಮ್ಯಾಕ್ರೊ ಮತ್ತೊಂದೆಡೆ, ಹುದುಗಿಸಿದ ಚಿತ್ರ ಇನ್ನೊಂದೆಡೆ ಇರುತ್ತದೆ. 2007ರ ಆಫೀಸ್ ಆವೃತ್ತಿಯೊಡನೆ ಬಂದ ಹೊಸ ಬಗೆಯ ಕಡತಗಳು ಜಿಪ್ ಪೊಟ್ಟಣಗಳಾದರೂ, ಅವುಗಳಲ್ಲಿರುವ ಮ್ಯಾಕ್ರೊಗಳು ಮತ್ತೆ ಓಎಲ್‌ಇ ರಚನೆಯ ಒಂದು ಉಪಕಡತದಲ್ಲಿಯೇ ಕುಳಿತಿರುತ್ತವೆ. ಪಿಡಿಎಫ್‌ನ ಒಳಗಿರುವುದು ಸಂಖ್ಯೆ ಹೊತ್ತ ಘಟಕಗಳ ಸರಣಿ; ಅವುಗಳಲ್ಲಿ ಜಾವಾಸ್ಕ್ರಿಪ್ಟ್ ಇರಬಹುದು, ಕಡತ ತೆರೆದೊಡನೆ ಇಂಥದ್ದನ್ನು ನಡೆಸಬೇಕೆಂಬ ಆದೇಶವೂ ಇರಬಹುದು. ಈ ಭಾಗಗಳನ್ನು, ದಾಖಲೆಯನ್ನು ವರ್ಡ್‌ನಲ್ಲಾಗಲಿ ಪಿಡಿಎಫ್ ಓದುಗ ತಂತ್ರಾಂಶದಲ್ಲಾಗಲಿ ತೆರೆಯದೆಯೇ ಒಂದೊಂದಾಗಿ ಬಿಡಿಸಿ ನೋಡುವುದನ್ನು ಸ್ಥಿರ ವಿಶ್ಲೇಷಣೆ ಎನ್ನುತ್ತಾರೆ. ಫಿಲಿಪ್ ಲಗಾಡೆಕ್ ಅವರ ‘ಓಎಲ್‌ಇಟೂಲ್ಸ್’ ಮತ್ತು ಬೆಲ್ಜಿಯಂನ ಡಿಡಿಯೆ ಸ್ಟೀವನ್ಸ್ ಅವರ ‘ಓಎಲ್‌ಇಡಂಪ್’, ‘ಪಿಡಿಎಫ್‌ಐಡಿ’, ‘ಪಿಡಿಎಫ್-ಪಾರ್ಸರ್’ ಇಂಥ ಕೆಲಸಕ್ಕೆಂದೇ ಪೈಥಾನ್ ಭಾಷೆಯಲ್ಲಿ ರಚಿತವಾಗಿ, ಯಾರು ಬೇಕಾದರೂ ಓದಿ ತಿದ್ದಿ ಬಳಸುವಂತೆ ಮುಕ್ತವಾಗಿ ದೊರೆಯುವ ಉಪಕರಣಗಳು.

ಮ್ಯಾಕ್ರೊಗಳನ್ನು ತಡೆದರೆ ದಾಖಲೆಗಳ ಅಪಾಯ ಮುಗಿಯಿತೆಂಬುದು ಎರಡನೆಯ ತಪ್ಪು ಕಲ್ಪನೆ. ಅಂತರ್ಜಾಲದಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೊಗಳನ್ನು ಪೂರ್ವನಿಯೋಜಿತವಾಗಿಯೇ ತಡೆಯುವ ಕ್ರಮವನ್ನು ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೊಳಿಸಿದ್ದು ನಿಜ, ಅದರಿಂದ ದೊಡ್ಡ ಉಪಕಾರವಾದದ್ದೂ ನಿಜ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ಫೊಲಿನಾ’ ದೋಷವನ್ನು ಬಳಸಿದ ವರ್ಡ್ ಕಡತಗಳಲ್ಲಿ ಒಂದು ಸಾಲಿನ ಮ್ಯಾಕ್ರೊ ಕೂಡ ಇರಲಿಲ್ಲ. ದೂರದ ಸರ್ವರ್‌ನಲ್ಲಿದ್ದ ಪುಟವೊಂದರ ಕೊಂಡಿ ಮಾತ್ರ ಅವುಗಳಲ್ಲಿತ್ತು, ಆ ಪುಟವು ವಿಂಡೋಸ್‌ನ ದೋಷನಿವಾರಣಾ ಸಲಕರಣೆಯನ್ನು ಕರೆದು ಅದರ ಮೂಲಕ ಆದೇಶಗಳನ್ನು ನಡೆಸುತ್ತಿತ್ತು. 2017ರಲ್ಲಿ ಸರಿಪಡಿಸಲಾದ ಇನ್ನೊಂದು ದೋಷ, ಗಣಿತದ ಸಮೀಕರಣಗಳನ್ನು ಬರೆಯಲೆಂದು ಆಫೀಸ್‌ನೊಳಗೆ 2000ದಿಂದಲೂ ಬದಲಾಗದೆ ಉಳಿದಿದ್ದ ಘಟಕದಲ್ಲಿತ್ತು. ಅದನ್ನು ಬಳಸುವ, ಆರ್‌ಟಿಎಫ್ ಎಂಬ ದಾಖಲೆರೂಪದ ಕಡತಗಳು ಆನಂತರವೂ ವರ್ಷಗಟ್ಟಲೆ ಹರಿದಾಡಿದವು. ಆರ್‌ಟಿಎಫ್‌ನಲ್ಲಿ ಮ್ಯಾಕ್ರೊಗೆ ಎಡೆಯೇ ಇಲ್ಲದಿರುವುದರಿಂದ, ಓಎಲ್‌ಇಟೂಲ್ಸ್‌ನಲ್ಲಿ ಅದರೊಳಗೆ ಹುದುಗಿದ ವಸ್ತುಗಳನ್ನು ಹೊರತೆಗೆಯಲು ಪ್ರತ್ಯೇಕ ಉಪಕರಣವೇ ಇದೆ.

ಇವೆಲ್ಲಕ್ಕಿಂತ ಹೆಚ್ಚು ತಿದ್ದಬೇಕಾದ ಕಲ್ಪನೆಯೊಂದು ಪ್ರೋಗ್ರಾಮರ್‌ಗಳಲ್ಲಿಯೇ ಇದೆ. ಆಫೀಸ್‌ನ ಹಳೆಯ ಕಡತರೂಪಗಳ ವಿವರಣೆಯನ್ನು ಮೈಕ್ರೋಸಾಫ್ಟ್ 2008ರಲ್ಲಿ ಪ್ರಕಟಿಸಿತು, ಅದೇ ವರ್ಷ ಪಿಡಿಎಫ್ ಐಎಸ್‌ಓ ಮಾನಕವಾಯಿತು; ಆದ್ದರಿಂದ ವಿವರಣೆಯನ್ನು ಓದಿ ಅದರಂತೆ ಕೋಡ್ ಬರೆದರೆ ವಿಶ್ಲೇಷಕ ಸಿದ್ಧವೆಂದು ಹಲವರು ಭಾವಿಸುತ್ತಾರೆ. ಆದರೆ ದಾಳಿಕೋರನಿಗೆ ವಿವರಣೆಯನ್ನು ಪಾಲಿಸುವ ಅಗತ್ಯವಿಲ್ಲ, ಬಲಿಪಶುವಿನ ಕಂಪ್ಯೂಟರಿನಲ್ಲಿ ಕಡತ ತೆರೆದುಕೊಂಡರೆ ಅವನಿಗೆ ಸಾಕು. ವಿವರಣೆ ಹೇಳುವುದಕ್ಕೂ ಓದುಗ ತಂತ್ರಾಂಶ ಸಹಿಸಿಕೊಳ್ಳುವುದಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ದಾಳಿಕೋರನ ಜಾಣತನವೆಲ್ಲ ಅಡಗಿರುತ್ತದೆ, ಉಪಕರಣ ರಚಿಸುವವರ ಶ್ರಮದ ಬಹುಭಾಗವೂ ಅಲ್ಲಿಯೇ ಸಲ್ಲುತ್ತದೆ.

ಪಿಡಿಎಫ್‌ನಲ್ಲಿ ‘ಜಾವಾಸ್ಕ್ರಿಪ್ಟ್’ ಎಂಬ ಹೆಸರಿನ ಯಾವುದೇ ಅಕ್ಷರವನ್ನು ಅದರ ಸಂಖ್ಯಾರೂಪದಲ್ಲಿ ಬರೆಯಬಹುದಾದ್ದರಿಂದ ಹೆಸರನ್ನು ನೇರವಾಗಿ ಹುಡುಕುವ ಉಪಕರಣಕ್ಕೆ ಅದು ಸಿಗುವುದಿಲ್ಲ. ಪಿಡಿಎಫ್‌ಐಡಿ ಇಂಥ ಮರೆಮಾಚಿದ ಹೆಸರುಗಳನ್ನೂ ಗುರುತಿಸಿ, ಅವು ಎಷ್ಟಿವೆಯೆಂದು ಬೇರೆಯಾಗಿ ತೋರಿಸುತ್ತದೆ. ಗುಪ್ತಪದದಿಂದ ಬಂಧಿಸಿದ ಎಕ್ಸೆಲ್ ಕಡತವನ್ನು ತೆರೆಯುವಾಗ ಎಕ್ಸೆಲ್ ಮೊದಲು ‘ವೆಲ್ವೆಟ್‌ಸ್ವೆಟ್‌ಶಾಪ್’ ಎಂಬ ಸಿದ್ಧ ಗುಪ್ತಪದವನ್ನು ತಾನಾಗಿಯೇ ಪ್ರಯತ್ನಿಸುತ್ತದೆ. ಅದೇ ಪದದಿಂದ ಬೀಗ ಹಾಕಿದ ಕಡತವು ಬಳಕೆದಾರನಿಗೆ ಯಾವ ಪ್ರಶ್ನೆಯನ್ನೂ ಕೇಳದೆ ತೆರೆದುಕೊಳ್ಳುತ್ತದೆ, ಈ ಗುಟ್ಟನ್ನು ತಿಳಿಯದ ವಿಶ್ಲೇಷಕಕ್ಕೆ ಮಾತ್ರ ಅರ್ಥವಿಲ್ಲದ ಬೈಟುಗಳ ರಾಶಿಯಾಗಿ ಉಳಿಯುತ್ತದೆ. ಇನ್ನೂ ಸೂಕ್ಷ್ಮವಾದದ್ದು ಮ್ಯಾಕ್ರೊಗಳ ಇಮ್ಮಡಿ ರೂಪ. ವಿಬಿಎ ಭಾಷೆಯ ಮ್ಯಾಕ್ರೊ ಕಡತದಲ್ಲಿ ಮನುಷ್ಯರು ಓದಬಲ್ಲ ಮೂಲಪಠ್ಯವಾಗಿಯೂ, ಪಿ-ಕೋಡ್ ಎಂಬ ಅರೆ-ಅನುವಾದಿತ ಯಂತ್ರಸೂಚನೆಗಳಾಗಿಯೂ ಇರುತ್ತದೆ. ಕಡತ ರಚಿತವಾದ ಆವೃತ್ತಿಯ ವಿಬಿಎಯೇ ಅದನ್ನು ತೆರೆದಾಗ ನಡೆಯುವುದು ಪಿ-ಕೋಡ್. ಆದ್ದರಿಂದ ಮೂಲಪಠ್ಯವನ್ನು ಅಳಿಸಿ ನಿರುಪದ್ರವಿ ಸಾಲುಗಳನ್ನು ತುಂಬಿದರೂ ದಾಳಿ ನಡೆದೇ ನಡೆಯುತ್ತದೆ, ಮೂಲಪಠ್ಯವನ್ನಷ್ಟೇ ತೋರಿಸುವ ಉಪಕರಣ ಮೋಸಹೋಗುತ್ತದೆ. ವೆಸೆಲಿನ್ ಬೊಂಟ್ಚೆವ್ ಅವರು ಪಿ-ಕೋಡನ್ನು ಓದಬಲ್ಲ ‘ಪಿಕೋಡ್‌ಡಿಎಂಪಿ’ ಎಂಬ ಉಪಕರಣವನ್ನು ಮುಕ್ತವಾಗಿ ಹೊರತಂದದ್ದರಿಂದಲೇ ಓಎಲ್‌ಇಟೂಲ್ಸ್ ಕೂಡ ಆ ಸಾಮರ್ಥ್ಯವನ್ನು ಅಳವಡಿಸಿಕೊಂಡು, ಎರಡು ರೂಪಗಳು ಹೊಂದದಿದ್ದಾಗ ಎಚ್ಚರಿಸುವಂತಾಯಿತು.

2023ರ ಆಗಸ್ಟ್‌ನಲ್ಲಿ ಜಪಾನಿನ ಜೆಪಿಸಿಇಆರ್‌ಟಿ ಸಂಸ್ಥೆ ವಿವರಿಸಿದ ಪ್ರಕರಣ, ವಿವರಣೆಗೂ ಓದುಗ ತಂತ್ರಾಂಶದ ಸಹನೆಗೂ ನಡುವಿನ ಅಂತರಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಅಲ್ಲಿ ಕಡತದ ಆರಂಭದ ಬೈಟುಗಳೂ ರಚನೆಯೂ ಪಿಡಿಎಫ್‌ನವು, ಆದರೆ ಅವುಗಳ ಬಳಿಕ ಮ್ಯಾಕ್ರೊ ಇರುವ ವರ್ಡ್ ದಾಖಲೆಯೊಂದನ್ನು, ವೆಬ್ ಪುಟಗಳನ್ನು ಒಂದೇ ಕಡತವಾಗಿ ಉಳಿಸುವ ಎಂಎಚ್‌ಟಿ ರೂಪದಲ್ಲಿ ಸೇರಿಸಲಾಗಿತ್ತು. ಹೆಸರಿನ ಕೊನೆಯಲ್ಲಿ ವರ್ಡ್‌ನ ಗುರುತಿದ್ದುದರಿಂದ ಅದು ವರ್ಡ್‌ನಲ್ಲಿಯೇ ತೆರೆದುಕೊಂಡು ಮ್ಯಾಕ್ರೊಗೆ ದಾರಿ ಮಾಡಿಕೊಡುತ್ತಿತ್ತು. ಪಿಡಿಎಫ್‌ಗೆಂದೇ ಇರುವ ಉಪಕರಣಗಳಿಗೆ ಅದರಲ್ಲಿ ಕೆಡುಕು ಕಾಣಿಸದಿದ್ದರೂ, ಓಎಲ್‌ಇಟೂಲ್ಸ್‌ನ ಮ್ಯಾಕ್ರೊ ಶೋಧಕವು ಅಡಗಿದ್ದ ಮ್ಯಾಕ್ರೊವನ್ನು ಹೊರತೆಗೆಯಿತು.

ಕಡತವನ್ನು ಪ್ರತ್ಯೇಕ ಕಂಪ್ಯೂಟರಿನಲ್ಲಿ ನಡೆಸಿ ನೋಡಿದರೆ ಸಾಕು, ಬಿಡಿಸಿ ಓದುವುದೇಕೆ ಎಂಬ ಆಕ್ಷೇಪಕ್ಕೆ ಉತ್ತರ ಸರಳವಾದದ್ದು. ತಾನು ಪರೀಕ್ಷಾ ಕಂಪ್ಯೂಟರಿನಲ್ಲಿದ್ದೇನೆಂದು ಗುರುತಿಸಿದ ಮ್ಯಾಕ್ರೊ ಸುಮ್ಮನಿದ್ದುಬಿಡಬಹುದು, ಅದು ಸಂಪರ್ಕಿಸಬೇಕಾದ ಸರ್ವರ್ ಅಷ್ಟರಲ್ಲಿ ಮುಚ್ಚಿಹೋಗಿರಬಹುದು. ಈ ತೊಡಕಿನಿಂದ ಪಾರಾಗಲು ‘ವೈಪರ್‌ಮಂಕಿ’ಯಂಥ ಮುಕ್ತ ಉಪಕರಣ ಮ್ಯಾಕ್ರೊವನ್ನು ನಿಜವಾಗಿ ನಡೆಸದೆ, ನಡೆಸಿದಂತೆ ಅನುಕರಿಸಿ ಅದರ ಉದ್ದೇಶವನ್ನು ಬಯಲಿಗೆಳೆಯಲು ಯತ್ನಿಸುತ್ತದೆ.

ಉಪಕರಣದ ಕೋಡ್ ಬಹಿರಂಗವಾಗಿದ್ದರೆ ದಾಳಿಕೋರರೂ ಅದನ್ನು ಓದಿ ತಪ್ಪಿಸಿಕೊಳ್ಳುತ್ತಾರೆಂಬ ಆತಂಕವನ್ನು ಪೂರ್ತಿ ತಳ್ಳಿಹಾಕಲಾಗದು, ಅವರು ಓದುವುದು ಖಂಡಿತ. ಆದರೆ ಕೋಡ್ ಗುಪ್ತವಾಗಿರುವ ಆಂಟಿವೈರಸ್‌ಗಳನ್ನೂ ಅವರು ತಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಕಡತ ಸಿಕ್ಕಿಬೀಳದಾಗುವವರೆಗೆ ತಿದ್ದುತ್ತಲೇ ಇರುತ್ತಾರೆ. ಗೋಪ್ಯತೆಯಿಂದ ಅವರಿಗಾಗುವ ಅಡಚಣೆ ಅಲ್ಪ, ರಕ್ಷಕರಿಗಾಗುವ ನಷ್ಟ ದೊಡ್ಡದು. ಓಎಲ್‌ಇ ರಚನೆಯನ್ನು ಓದುವ ಲಗಾಡೆಕ್ ಅವರ ‘ಓಎಲ್‌ಇಫೈಲ್’ ಗ್ರಂಥಾಲಯ ಹುಟ್ಟಿದ್ದೇ ಫ್ರೆಡ್ರಿಕ್ ಲುಂಡ್ ಅವರು ಚಿತ್ರಗಳ ಸಂಸ್ಕರಣೆಗೆಂದು ಬರೆದಿದ್ದ ಪೈಥಾನ್ ಗ್ರಂಥಾಲಯದ ಒಂದು ಭಾಗದಿಂದ. ಆ ಕೋಡ್ ಮುಚ್ಚಿದ್ದಾಗಿದ್ದರೆ ಇಂದಿನ ಉಪಕರಣಗಳ ಬುನಾದಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತಿತ್ತು. ನಿಜವಾಗಿ ಆತಂಕಪಡಬೇಕಾದದ್ದು ಬೇರೊಂದಕ್ಕೆ: ಜಗತ್ತಿನಾದ್ಯಂತ ಭದ್ರತಾ ತಂಡಗಳು ನಿತ್ಯ ಅವಲಂಬಿಸುವ ಈ ಉಪಕರಣಗಳ ಪಾಲನೆ ಬೆರಳೆಣಿಕೆಯ ವ್ಯಕ್ತಿಗಳ ಬಿಡುವಿನ ವೇಳೆಯ ಮೇಲೆ ನಿಂತಿದೆ.

ಸಂದೇಹವಿರುವ ಕಡತವನ್ನು, ಕಡತಗಳನ್ನು ಪರೀಕ್ಷಿಸಿ ಹೇಳುವ ‘ವೈರಸ್‌ಟೋಟಲ್’ನಂಥ ತಾಣಕ್ಕೆ ಏರಿಸಿದರೆ ಯಾವ ಹಾನಿಯೂ ಇಲ್ಲವೆಂಬ ಭಾವನೆಯೂ ಪೂರ್ತಿ ಸರಿಯಲ್ಲ. ಅಲ್ಲಿಗೆ ಏರಿಸಿದ ಕಡತವನ್ನು ಹಣ ತೆತ್ತ ಚಂದಾದಾರರು ಇಳಿಸಿಕೊಳ್ಳಬಲ್ಲರು. ವೈದ್ಯಕೀಯ ವರದಿಯೋ ನ್ಯಾಯಾಲಯದ ಕಾಗದಪತ್ರವೋ ಆಗಿದ್ದರೆ ಗೋಪ್ಯತೆ ಅಲ್ಲಿಗೆ ಮುಗಿಯಿತು. ಕಡತದ ಬೈಟುಗಳಿಂದ ಲೆಕ್ಕಹಾಕಿದ ಹ್ಯಾಶ್ ಎಂಬ ಗುರುತುಸಂಖ್ಯೆಯನ್ನಷ್ಟೇ ಕೊಟ್ಟು ಹುಡುಕಿ, ಉಳಿದ ಪರಿಶೀಲನೆಯನ್ನು ಮುಕ್ತ ಉಪಕರಣಗಳಿಂದ ಸ್ವಂತ ಕಂಪ್ಯೂಟರಿನಲ್ಲಿಯೇ ನಡೆಸುವುದು ಕ್ಷೇಮ.

ಇಂಥ ಉಪಕರಣ ‘ಇದು ವೈರಸ್’, ‘ಇದು ಅಲ್ಲ’ ಎಂದು ತೀರ್ಪು ಕೊಡುತ್ತದೆಂಬ ನಿರೀಕ್ಷೆಯೂ ಸಲ್ಲದು. ಓಎಲ್‌ಇಟೂಲ್ಸ್‌ನ ‘ಮ್ಯಾಕ್ರೊರ‍್ಯಾಪ್ಟರ್’, ತಾನಾಗಿಯೇ ಆರಂಭವಾಗುವ ಗುಣದೊಂದಿಗೆ ಕಡತ ಬರೆಯುವ ಅಥವಾ ಬೇರೊಂದು ಪ್ರೋಗ್ರಾಮ್ ನಡೆಸುವ ಗುಣ ಕೂಡಿಬಂದರೆ ಮ್ಯಾಕ್ರೊವನ್ನು ಸಂಶಯಾಸ್ಪದವೆನ್ನುತ್ತದೆ. ಪ್ರಾಮಾಣಿಕ ಕಚೇರಿ ಮ್ಯಾಕ್ರೊಗಳಲ್ಲಿಯೂ ಈ ಗುಣಗಳು ಕೂಡಿರಬಹುದು. ಪ್ರಾಮಾಣಿಕ ಮ್ಯಾಕ್ರೊ ಸಂಶಯಕ್ಕೆ ಗುರಿಯಾಗಲು ಕನ್ನಡದ ಮಟ್ಟಿಗೆ ಇನ್ನೊಂದು ವಿಶೇಷ ಕಾರಣವೂ ಇದೆ. ವಿಬಿಎ ತನ್ನ ಮೂಲಪಠ್ಯವನ್ನು ಯೂನಿಕೋಡ್‌ನಲ್ಲಿ ಇಡದೆ ವಿಂಡೋಸ್‌ನ ಹಳೆಯ ಲಿಪಿಸಂಕೇತ ಪಟ್ಟಿಗಳಲ್ಲೊಂದರಲ್ಲಿ ಇಡುತ್ತದೆ, ವಿಬಿಎ ಹೀಗೆ ಬಳಸಬಲ್ಲ ಪಟ್ಟಿ ಕನ್ನಡಕ್ಕೆ ಇಲ್ಲ. ಆದ್ದರಿಂದ ಕನ್ನಡದಲ್ಲಿ ಸಂದೇಶ ತೋರಿಸಬೇಕಾದ ಮ್ಯಾಕ್ರೊದಲ್ಲಿ ಒಂದೊಂದು ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಿಂದ ಜೋಡಿಸಿ ಪದ ಕಟ್ಟುವುದು ರೂಢಿ. ದಾಳಿಕೋರರು ತಮ್ಮ ಆದೇಶಗಳನ್ನು ಮರೆಮಾಚುವುದೂ ಇದೇ ವಿಧಾನದಿಂದಲೇ; ಹೀಗಾಗಿ ಓಎಲ್‌ಇಟೂಲ್ಸ್‌ನ ಪಟ್ಟಿಯಲ್ಲಿ ಆ ವಿಧಾನ ಸಂಶಯದ ಲಕ್ಷಣವಾಗಿ ನಮೂದಾಗಿದೆ. ‘ದಯವಿಟ್ಟು ಹೆಸರು ನಮೂದಿಸಿ’ ಎಂದು ಕೇಳುವ ಸಂಖ್ಯೆಗಳ ಸಾಲನ್ನೂ ಕದ್ದು ಆದೇಶ ನಡೆಸುವ ಸಂಖ್ಯೆಗಳ ಸಾಲನ್ನೂ ಬೇರ್ಪಡಿಸಬಲ್ಲ ಪರೀಕ್ಷೆಯನ್ನು ಬರೆಯುವುದು ಕಷ್ಟವೇನಲ್ಲ, ಕನ್ನಡದ ಯೂನಿಕೋಡ್ ಸಂಖ್ಯೆಗಳೆಲ್ಲ ಒಂದೇ ಗೊತ್ತಾದ ವ್ಯಾಪ್ತಿಯೊಳಗೆ ಬರುತ್ತವೆ. ಅದಕ್ಕೆ ಬೇಕಾದ ಮಾದರಿ ಕಡತಗಳನ್ನು ಒದಗಿಸಬಲ್ಲವರು ಕನ್ನಡದ ಕಚೇರಿಗಳಿಗೆ ಮ್ಯಾಕ್ರೊ ಬರೆಯುವ ಪ್ರೋಗ್ರಾಮರ್‌ಗಳೇ.