ಗದ್ದೆಯ ಕೆಸರು, ಸಕ್ಕರೆ ಕಾಯಿಲೆ ಮತ್ತು ಮೂರು ತಿಂಗಳ ಮಾತ್ರೆ



ಕರಾವಳಿಯ ಮಳೆಗಾಲಕ್ಕೂ ಜ್ವರಕ್ಕೂ ಇರುವ ನಂಟು ನಮಗೆ ಹೊಸತಲ್ಲ. ಮಲೇರಿಯಾ, ಡೆಂಗಿ, ಇಲಿಜ್ವರಗಳ ಹೆಸರು ಈಗ ಮನೆಮಾತಾಗಿದೆ. ಆದರೆ ಅದೇ ಗದ್ದೆಯ ಕೆಸರಿನಲ್ಲಿ, ಅದೇ ನಿಂತ ನೀರಿನಲ್ಲಿ ಬದುಕುವ ಇನ್ನೊಂದು ರೋಗಾಣುವಿನ ವಿಚಾರ ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಅದರಿಂದ ಉಂಟಾಗುವ ರೋಗಕ್ಕೆ ಮೆಲಿಯಾಯ್ಡೋಸಿಸ್ ಎಂದು ಹೆಸರು. ಮಣಿಪಾಲ, ಉಡುಪಿ, ಮಂಗಳೂರುಗಳ ವೈದ್ಯರು ವರ್ಷ ವರ್ಷವೂ, ಅದರಲ್ಲೂ ಮಳೆಗಾಲದಲ್ಲಿ, ಈ ರೋಗವನ್ನು ಗುರುತಿಸುತ್ತ ಬಂದಿದ್ದಾರೆ.

ಆರೋಗ್ಯವಂತರ ದೇಹವನ್ನು ಹೊಕ್ಕರೂ ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೆಚ್ಚೇನನ್ನೂ ಮಾಡಲಾರದು. ಅದರ ಕಾಟವೆಲ್ಲ ಈಗಾಗಲೇ ಬಳಲಿದ ದೇಹದ ಮೇಲೆ. ರೋಗಿಗಳಲ್ಲಿ ಬಹುಪಾಲು ಜನ ಸಕ್ಕರೆ ಕಾಯಿಲೆಯವರು. ಉಳಿದವರಲ್ಲಿ ಮೂತ್ರಪಿಂಡ ಕೆಟ್ಟವರು, ಮದ್ಯಪಾನದಿಂದ ಯಕೃತ್ತು ಹಾಳಾದವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರು ಇದ್ದಾರೆ. ಹತೋಟಿ ತಪ್ಪಿದ ಸಕ್ಕರೆಯು ರೋಗಾಣುವನ್ನು ನುಂಗಿ ಕೊಲ್ಲಬೇಕಾದ ಬಿಳಿ ರಕ್ತಕಣಗಳನ್ನೇ ಮಂದಗೊಳಿಸುತ್ತದೆ. ಕಾಲಿನ ಗೀರುಗಾಯ, ಎಳೆದುಕೊಂಡ ಉಸಿರು, ಕುದಿಸದ ನೀರು, ಇವುಗಳಲ್ಲಿ ಯಾವ ದಾರಿಯಾದರೂ ಅದಕ್ಕೆ ಸಾಕು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರ ಅಪರೂಪವಾದುದರಿಂದ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವ ಅಗತ್ಯವಿಲ್ಲ.

ಈ ರೋಗವನ್ನು ಮೊದಲು ಗುರುತಿಸಿದ್ದು 1911ರಲ್ಲಿ, ಆಗ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದ ಬರ್ಮಾದ ರಂಗೂನಿನಲ್ಲಿ. ಗುರುತಿಸಿದವರು ಆಲ್ಫ್ರೆಡ್ ವಿಟ್‌ಮೋರ್ ಮತ್ತು ಅವರ ಸಹಾಯಕ ಸಿ. ಎಸ್. ಕೃಷ್ಣಸ್ವಾಮಿ. ಶತಮಾನ ಕಳೆದರೂ ಅದು ವೈದ್ಯರ ಕಣ್ಣು ತಪ್ಪಿಸುವುದನ್ನು ಬಿಟ್ಟಿಲ್ಲ. ಒಬ್ಬರಲ್ಲಿ ನ್ಯುಮೋನಿಯಾ, ಇನ್ನೊಬ್ಬರಲ್ಲಿ ಯಕೃತ್ತಿನಲ್ಲೋ ಗುಲ್ಮದಲ್ಲೋ ಕೀವು, ಮತ್ತೊಬ್ಬರಲ್ಲಿ ಊದಿಕೊಂಡ ಮೊಣಕಾಲು. ಹೀಗೆ ಅದರ ವೇಷಗಳು ಹಲವು. ವಾರಗಟ್ಟಲೆ ಜ್ವರ, ಕೆಮ್ಮು, ಇಳಿದ ತೂಕ ಇವನ್ನು ಕಂಡು ಕ್ಷಯವೆಂದು ಭಾವಿಸಿ ಚಿಕಿತ್ಸೆ ಆರಂಭಿಸಿದ ಉದಾಹರಣೆಗಳು ಸಾಕಷ್ಟಿವೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದು ನಿಂತಾಗಲೂ ಹೊರಗಿನಿಂದ ಬಿದ್ದ ಸಾಧಾರಣ ಬ್ಯಾಕ್ಟೀರಿಯಾ ಎಂದು ಅದನ್ನು ತಳ್ಳಿಹಾಕುವುದುಂಟು. ಕೇಳದ ಪ್ರಶ್ನೆಗೆ ಉತ್ತರವಿಲ್ಲ ಎಂಬುದು ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಪಾಠ. ಉತ್ತರವು ಗಾಜಿನ ತಟ್ಟೆಯಲ್ಲಿ ಕಣ್ಣೆದುರೇ ಇದ್ದರೂ ಕಾಣದೆ ಹೋಗಬಹುದೆಂದು ಆಗ ಯಾರೂ ಹೇಳಿರಲಿಲ್ಲ.

ಆದುದರಿಂದಲೇ ಸೋಂಕುರೋಗ ತಜ್ಞರ ಕೆಲಸ ಪ್ರಶ್ನೆಗಳಿಂದ ಆರಂಭವಾಗುತ್ತದೆ. ಸಕ್ಕರೆ ಎಷ್ಟು ವರ್ಷದಿಂದ ಇದೆ? ಗದ್ದೆಗೆ ಇಳಿದಿದ್ದರೇ? ಕಾಲಿನಲ್ಲಿ ಗಾಯವಿತ್ತೇ? ಕುಡಿಯುವ ನೀರು ಯಾವ ಬಾವಿಯದು? ಮನೆಯವರು ಈ ವಿವರಗಳನ್ನು ತಾವಾಗಿಯೇ ಹೇಳಿದರೆ ಎರಡು ದಿನ ಉಳಿದೀತು. ಈ ರೋಗದಲ್ಲಿ ಎರಡು ದಿನವೆಂದರೆ ಅಲ್ಪವಲ್ಲ. ಸಾಧ್ಯವಾದಷ್ಟೂ ಔಷಧದ ಮೊದಲ ಚುಚ್ಚುಮದ್ದಿಗೆ ಮುನ್ನವೇ ರಕ್ತ, ಕಫ, ಮೂತ್ರ, ಕೀವುಗಳನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಹೊಟ್ಟೆನೋವೇ ಇಲ್ಲದವರಿಗೂ ಹೊಟ್ಟೆಯ ಸ್ಕ್ಯಾನಿಂಗ್ ಏಕೆ ಎಂದು ಸಂಬಂಧಿಕರು ಗೊಣಗುವುದುಂಟು. ಒಳಗೆ ಅಡಗಿದ ಕೀವಿನ ಗಡ್ಡೆಯನ್ನು ಹುಡುಕುವುದೇ ಅದರ ಉದ್ದೇಶ. ದೊಡ್ಡ ಗಡ್ಡೆಯ ಕೀವನ್ನು ಹೊರತೆಗೆಯದೆ ಔಷಧಕ್ಕೆ ಅದರ ಮೇಲೆ ಪೂರ್ಣ ಹಿಡಿತ ಸಿಗದು.

ಔಷಧದ ಆಯ್ಕೆಯಲ್ಲಿಯೂ ಸೂಕ್ಷ್ಮವಿದೆ. ಜೆಂಟಾಮೈಸಿನ್ ಈ ರೋಗಾಣುವಿಗೆ ಸಾಮಾನ್ಯವಾಗಿ ನಾಟುವುದಿಲ್ಲ. ನ್ಯುಮೋನಿಯಾಕ್ಕೆ ವಾಡಿಕೆಯಂತೆ ಕೊಡುವ ಸೆಫ್ಟ್ರಿಯಾಕ್ಸೋನನ್ನು ನಂಬುವಂತಿಲ್ಲ. ಬೇಕಾದುದು ಸೆಫ್ಟಾಜಿಡೈಮ್ ಅಥವಾ ಮೆರೋಪೆನೆಮ್. ಅದೂ ರಕ್ತನಾಳದ ಮೂಲಕ, ಕನಿಷ್ಠ 10ರಿಂದ 14 ದಿನ. ಮೂಳೆಗೋ ಮೆದುಳಿಗೋ ತಗಲಿದ್ದರೆ ವಾರಗಳೇ ಹಿಡಿಯುತ್ತವೆ. ಅನಂತರ ಎರಡನೆಯ ಘಟ್ಟ: ಕನಿಷ್ಠ ಮೂರು ತಿಂಗಳ ಕಾಲ ಕೋಟ್ರೈಮಾಕ್ಸಜೋಲ್ ಮಾತ್ರೆ. ರಕ್ತದಿಂದ ಮರೆಯಾದ ರೋಗಾಣು ಒಳಗೆಲ್ಲೋ ಉಳಿದುಕೊಂಡು ಮರುಕಳಿಸುವ ಸ್ವಭಾವದ್ದಾದುದರಿಂದ ಈ ದೀರ್ಘ ಕ್ರಮ.

ಆದರೆ ಆ ಅಗ್ಗದ ಹಳೆಯ ಮಾತ್ರೆಯೂ ಎಲ್ಲರಿಗೂ ಒಂದೇ ಬಗೆಯಲ್ಲಿ ಒಗ್ಗದು. ಮೂತ್ರಪಿಂಡ ದುರ್ಬಲವಾಗಿದ್ದವರಲ್ಲಿ ಅದು ರಕ್ತದ ಪೊಟ್ಯಾಸಿಯಂ ಏರಿಸಿ ಹೃದಯಕ್ಕೆ ಅಪಾಯ ತರಬಹುದು. ಕೆಲವು ಸಕ್ಕರೆ ಮಾತ್ರೆಗಳೊಡನೆ ಸೇರಿದರೆ ಸಕ್ಕರೆಯ ಮಟ್ಟ ಹಠಾತ್ತನೆ ಕುಸಿಯಬಹುದು. ಕೆಲವರಿಗೆ ಮೈಮೇಲೆ ದದ್ದು, ಕೆಲವರಲ್ಲಿ ರಕ್ತಕಣಗಳ ಇಳಿಕೆ. ತಜ್ಞರು ಆಗಾಗ ರಕ್ತಪರೀಕ್ಷೆಗೆ ಕರೆಯುವುದೂ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವುದೂ ಇದಕ್ಕಾಗಿಯೇ. ಮತ್ತೆ ಮತ್ತೆ ಕರೆಸುವುದು ಬಿಲ್ಲಿಗಾಗಿ ಎಂಬ ಸಂಶಯ ನಮ್ಮ ಜನರಲ್ಲಿ ಬಲವಾಗಿದೆ. ಎಲ್ಲ ಸಂದರ್ಭಗಳಲ್ಲೂ ಅದು ನಿರಾಧಾರವೆಂದು ನಾನು ವಾದಿಸಲಾರೆ. ಈ ಒಂದು ರೋಗದಲ್ಲಿ ಮಾತ್ರ ಆ ಸಂಶಯವನ್ನು ಬದಿಗಿಡಬೇಕು.

ಶ್ರಮ ಸಾರ್ಥಕವೇ ಎಂದು ಕೇಳುವವರು ಆಸ್ಟ್ರೇಲಿಯದ ಉತ್ತರ ತುದಿಯ ಡಾರ್ವಿನ್ ನಗರದತ್ತ ನೋಡಬಹುದು. ಅಲ್ಲಿಯೂ ನಮ್ಮಂತೆಯೇ ಜಡಿಮಳೆ, ಅದೇ ರೋಗಾಣು. 1989ರಿಂದ 2019ರವರೆಗೆ ಅಲ್ಲಿನ ವೈದ್ಯರು 1148 ರೋಗಿಗಳ ಲೆಕ್ಕವಿಟ್ಟರು. ಒಟ್ಟಾರೆ ನೂರಕ್ಕೆ 12 ಮಂದಿ ತೀರಿಕೊಂಡರೆ, ಕೊನೆಯ ಐದು ವರ್ಷಗಳಲ್ಲಿ ಆ ಪ್ರಮಾಣ 6ಕ್ಕೆ ಇಳಿದಿತ್ತು. ಬೇಗ ಪತ್ತೆಹಚ್ಚುವುದು, ಸರಿಯಾದ ಔಷಧ, ಒಳ್ಳೆಯ ತೀವ್ರ ನಿಗಾ ಘಟಕ ಇವೇ ಅಲ್ಲಿ ಫಲ ಕೊಟ್ಟವು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಮಳೆಗಾಲದಲ್ಲಿ ರೋಗ ಬರುವ ಮೊದಲೇ ಕೋಟ್ರೈಮಾಕ್ಸಜೋಲ್ ಕೊಡುವ ಪದ್ಧತಿಯೂ ಅಲ್ಲಿದೆ.

ಈ ರೋಗಕ್ಕೆ ಬಳಕೆಯಲ್ಲಿರುವ ಲಸಿಕೆಯಿಲ್ಲ. ಗಂಬೂಟು ಧರಿಸಿ ಗದ್ದೆಗಿಳಿಯಿರಿ ಎಂದು ಪುಸ್ತಕಗಳು ಹೇಳುತ್ತವೆ. ಮೊಣಕಾಲುದ್ದ ಕೆಸರಿನಲ್ಲಿ ಗಂಬೂಟು ತೊಟ್ಟು ನೇಜಿ ನೆಟ್ಟವರು ಆ ಪುಸ್ತಕ ಬರೆದಿರಲಾರರು. ಆದರೂ ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಗಾಯವಿದ್ದರೆ ಅದು ಮಾಯುವವರೆಗೆ ಮನೆಯ ಬೇರೊಬ್ಬರು ಗದ್ದೆಗೆ ಇಳಿಯಲಿ. ಇಳಿಯಲೇಬೇಕಾದರೆ ಗಾಯವನ್ನು ನೀರು ತಾಗದಂತೆ ಮುಚ್ಚಿ, ಹಿಂದಿರುಗಿದೊಡನೆ ಸೋಪು ಹಚ್ಚಿ ಶುದ್ಧ ನೀರಿನಲ್ಲಿ ಕಾಲು ತೊಳೆದು ಒರೆಸಿಕೊಳ್ಳಲಿ. ಬಾವಿಯ ನೀರನ್ನು ಕುದಿಸಿ ಕುಡಿಯುವುದಂತೂ ಯಾರಿಗೂ ಅಸಾಧ್ಯವಲ್ಲ.

ರೋಗಿಗಳ ಭೇಟಿಗೆ ಹೋದ ಮನೆಗಳಲ್ಲಿ ಆಲ್ತಾರಿನ ಬಳಿ, ಮೇಣದಬತ್ತಿಯ ಪಕ್ಕದಲ್ಲಿ, ಅರ್ಧಕ್ಕೆ ನಿಂತ ಮಾತ್ರೆಯ ಪಟ್ಟಿಗಳನ್ನು ನಾನು ಕಂಡಿದ್ದೇನೆ. "ಈಗ ಹುಷಾರಾಗಿದ್ದಾರೆ ಫಾದರ್, ಮತ್ತೆ ಯಾಕೆ?" ಎನ್ನುತ್ತಾರೆ. ಜುಲೈ ಮೊದಲ ವಾರ ಆಸ್ಪತ್ರೆ ಸೇರಿದ ರೋಗಿಯ ಮಾತ್ರೆಗಳು ಅಕ್ಟೋಬರ್ ಮಧ್ಯಭಾಗದವರೆಗೆ ನಡೆಯಬೇಕು. ನಡುವೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಬರುತ್ತದೆ. ಜ್ವರ ಬಿಟ್ಟು ಆಗ ವಾರಗಳೇ ಕಳೆದಿರುತ್ತವೆ; ಹಸಿವು ಮರಳಿರುತ್ತದೆ; ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟಕ್ಕೆ ಕುಳಿತಾಗ ರೋಗಿಯೂ ತಾನು ರೋಗಿಯೆಂಬುದನ್ನು ಮರೆತಿರುತ್ತಾನೆ. ಆ ದಿನ ಊಟಕ್ಕೆ ಏಳುವ ಮೊದಲು ಮನೆಯೊಡತಿ ಪಟ್ಟಿಯನ್ನು ತೆಗೆದು ಎಣಿಸಲಿ. ಇನ್ನೂ ಒಂದು ತಿಂಗಳಿಗಿಂತ ಹೆಚ್ಚಿನ ಮಾತ್ರೆಗಳು ಬಾಕಿಯಿರಬೇಕು.