ಹಳೇ ಟವರ್ ಸ್ಪೀಕರ್: ದುಡ್ಡು ಕೊಡೋ ಮುಂಚೆ ಕೋನ್ ಒತ್ತಿ ನೋಡಿ

ಇವತ್ತು ಹಳೇ ಸ್ಪೀಕರ್‌ಗಳ ವಿಷಯ. ಬುಕ್‌ಶೆಲ್ಫ್ ಅಲ್ಲ, ನೆಲದ ಮೇಲೆ ನಿಲ್ಲೋ ದೊಡ್ಡ ಪೆಟ್ಟಿಗೆಗಳು. ಮುಂಬೈನ ಚೋರ್ ಬಜಾರ್‌ನಲ್ಲಿ, ಮನೆ ಖಾಲಿ ಮಾಡೋರ ಸಾಮಾನಿನಲ್ಲಿ ಸೋನೋಡೈನ್, ಕಾಸ್ಮಿಕ್ ಥರದ ಹಳೇ ಹೆಸರುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಹೊಸ ಜೋಡಿಯ ಬೆಲೆಗೆ ಹೋಲಿಸಿದರೆ ತೀರಾ ಅಗ್ಗ. ಆದರೆ ಆ ಅಗ್ಗದ ಜೋಡಿ ರಿಪೇರಿ ಆಗುವಂಥದ್ದಾ, ಇಲ್ಲಾ ಬರೀ ಫರ್ನಿಚರ್ರಾ ಅನ್ನೋದು ಅಂಗಡಿಯಲ್ಲೇ ಗೊತ್ತಾಗಬೇಕು.

ಸ್ಪೀಕರ್‌ನಲ್ಲಿ ಮ್ಯಾಗ್ನೆಟ್, ಪೇಪರ್ ಕೋನ್, ಕಾಯಿಲ್ 40 ವರ್ಷ ಆದರೂ ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ. ಮುಖ್ಯವಾಗಿ ವಯಸ್ಸಾಗೋದು ಎರಡಕ್ಕೆ. ಒಂದು, ಕೋನ್‌ನ ಅಂಚಿನ ಸುತ್ತ ಇರೋ ಮೆತ್ತನೆ ಉಂಗುರ, ಅಂದ್ರೆ ಸರೌಂಡ್. ಅದು ಫೋಮ್ ಆಗಿದ್ದರೆ 15–20 ವರ್ಷಕ್ಕೆ ಬೆರಳು ತಾಗಿದರೆ ಪುಡಿಪುಡಿ. ರಬ್ಬರ್ ಅಥವಾ ಬಟ್ಟೆಯದಾದರೆ ಅದಕ್ಕಿಂತ ಬಹಳ ದಿನ ಬರುತ್ತೆ. ಎರಡನೇದು ಒಳಗಿನ ಕ್ರಾಸ್‌ಓವರ್‌ನಲ್ಲಿರೋ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್.

ಹರಿದ ಫೋಮ್ ನೋಡಿ ಓಡಿಹೋಗಬೇಡಿ, ಚೌಕಾಸಿಗೆ ಅದೇ ಒಳ್ಳೇ ನೆಪ. ಹಳೇದನ್ನು ಕೆರೆದು ಹೊಸ ಉಂಗುರ ಅಂಟಿಸಬಹುದು. ನೋಡಬೇಕಾದ್ದು ಬೇರೆ. ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎದುರುಬದುರು ಇಟ್ಟು, ಸಮವಾಗಿ, ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಸರಿ. ಕರಕರ ಅಂದ್ರೆ ಒಳಗೆ ವಾಯ್ಸ್ ಕಾಯಿಲ್ ಉಜ್ಜುತ್ತಿದೆ ಅಂತ ಅರ್ಥ. ಅದನ್ನ ಸರಿಮಾಡೋಕೆ ಕೊಟ್ಟ ಬೆಲೆಗಿಂತ ಜಾಸ್ತಿ ಆಗಬಹುದು. ಆಮೇಲೆ ಮಲ್ಟಿಮೀಟರ್. ವೂಫರ್‌ನ ತಂತಿ ಬಿಡಿಸಿ ಅಳೆದರೆ 8 ಓಮ್‌ನದು ಸುಮಾರು 5.5ರಿಂದ 7 ತೋರಿಸುತ್ತೆ. ಏನೂ ತೋರಿಸಲಿಲ್ಲ ಅಂದ್ರೆ ಕಾಯಿಲ್ ಸುಟ್ಟಿದೆ. ಕೊನೆಗೆ ಪೆಟ್ಟಿಗೆಯ ಬುಡ ನೋಡಿ. ನೆಲ ಒರೆಸಿದ ನೀರು, ಮಳೆಗಾಲದ ತೇವ ಕುಡಿದು ಪಾರ್ಟಿಕಲ್ ಬೋರ್ಡ್ ಉಬ್ಬಿದ್ದರೆ ಅದನ್ನು ಮತ್ತೆ ಇಳಿಸೋಕಾಗಲ್ಲ. ನಾನಾದರೆ ಅಲ್ಲಿಂದ ಎದ್ದು ಬರ್ತೀನಿ.

ಟ್ವೀಟರ್ ನೋಡೋಕೆ ಫೋನಿನಲ್ಲಿ ಮನ್ಸೂರರ ಒಂದು ರೆಕಾರ್ಡಿಂಗ್ ಇಟ್ಕೊಂಡು ಹೋಗಿ. ತಂಬೂರಿಯ ಜೀವಾರಿ ಎರಡೂ ಕಡೆ ಒಂದೇ ಥರ ಮಿನುಗಬೇಕು. ಒಂದು ಕಡೆ ಮಂಕಾದರೆ ಟ್ವೀಟರ್ ಹೋಗಿರಬಹುದು, ಇಲ್ಲಾ ಕೆಪಾಸಿಟರ್ ಬದಲಾಗಿರಬಹುದು.

ಕೆಪಾಸಿಟರ್ ಯಾಕೆ ಅಷ್ಟು ಮುಖ್ಯ? ಯಾವ ಸ್ವರ ಟ್ವೀಟರ್‌ಗೆ ಹೋಗಬೇಕು ಅಂತ ತೀರ್ಮಾನಿಸೋದು ಅದೇ. 8 ಓಮ್ ಟ್ವೀಟರ್‌ಗೆ ಬರೀ 4.7 ಮೈಕ್ರೋಫ್ಯಾರಡ್ ಹಾಕಿದರೆ ಗಡಿ ಸುಮಾರು 4,200 ಹರ್ಟ್ಜ್. ಅದರ ಮೌಲ್ಯ 6.8ಕ್ಕೆ ಏರಿದರೆ ಗಡಿ 2,900ರ ಹತ್ತಿರ ಇಳಿಯುತ್ತೆ, ತನ್ನದಲ್ಲದ ಭಾರ ಟ್ವೀಟರ್ ಹೊರಬೇಕಾಗುತ್ತೆ. ಅದಕ್ಕೇ ಬದಲಿಸುವಾಗ ಮೇಲೆ ಬರೆದಿರೋ ಅದೇ ಮೌಲ್ಯದ್ದು ಹಾಕಿ, ಪಾಲಿಪ್ರೊಪಿಲೀನ್ ಆದರೆ ಒಳ್ಳೇದು. ಲ್ಯಾಮಿಂಗ್ಟನ್ ರೋಡ್ ಆಗಲಿ, ಚೆನ್ನೈನ ರಿಚಿ ಸ್ಟ್ರೀಟ್ ಆಗಲಿ, ಇಂಥ ಬಿಡಿಭಾಗ ಹುಡುಕೋಕೆ ಸರಿಯಾದ ಜಾಗ. ಹೊಸದು ಹಾಕಿದ ಮೇಲೆ ಧ್ವನಿ ಚೂಪಾಯ್ತು ಅನ್ನಿಸಿದರೆ ಅದರ ಸರಣಿಯಲ್ಲಿ 1 ಓಮ್‌ನೊಳಗಿನ ಒಂದು ರೆಸಿಸ್ಟರ್ ಸೇರಿಸಿ. ಹಳೇ ಎಲೆಕ್ಟ್ರೋಲೈಟಿಕ್ ಒಳಗೇ ಅಷ್ಟು ಅಡೆತಡೆ ಇರುತ್ತಿತ್ತು.

ಮಾಡಿಫೈ ಅಂದ ಕೂಡಲೇ ದೊಡ್ಡ ವೂಫರ್ ತಂದು ತುರುಕೋ ಆಸೆ ಬರುತ್ತೆ. ಬೇಡ ಮಾರಾಯ್ರೆ. ವೂಫರ್‌ಗೂ ಪೆಟ್ಟಿಗೆಯ ಗಾತ್ರಕ್ಕೂ ಲೆಕ್ಕದ ನಂಟಿದೆ. ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಇಬ್ಬರೂ 60, 70ರ ದಶಕಗಳಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಒಳಗೆ ಎರಡು ಪಕ್ಕದ ಹಲಗೆಗಳ ನಡುವೆ ಒಂದು ಮರದ ರೀಪು ಬಿಗಿದರೆ ಪೆಟ್ಟಿಗೆ ನಡುಗೋದು ಕಡಿಮೆಯಾಗುತ್ತೆ. ಅಷ್ಟು ಸಾಕು.

ಇನ್ನು ನಮ್ಮ ಬಾಡಿಗೆ ಮನೆ. 10 ಅಡಿ ಅಗಲದ ರೂಮಿನಲ್ಲಿ 57 ಹರ್ಟ್ಜ್ ಆಸುಪಾಸು ತಾನಾಗೇ ಗುಂಯ್ ಅನ್ನುತ್ತೆ, ಯಾವ ಸ್ಪೀಕರ್ ತಂದರೂ ಅಷ್ಟೇ. ಮೂಲೆಯಿಂದ ಎಳೆದು ಗೋಡೆಗೆ ಒಂದಡಿಯಾದರೂ ದೂರ ಇಡಿ. ಆಗಲೂ ಗುಂಯ್ ಅಂದ್ರೆ, ಪೆಟ್ಟಿಗೆಗೆ ಪೋರ್ಟ್ ತೂತು ಇದ್ದಲ್ಲಿ ಅದಕ್ಕೆ ಒಂದು ಜೊತೆ ಕಾಲುಚೀಲ ತುರುಕಿ ನೋಡಿ. ಹಾಗೆ ಮಾಡಿದ್ಮೇಲೆ ಮೃದಂಗದ ಎಡಭಾಗದ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತೆ, ಕೆಳಗಿನ ಮನೆಯವರೂ ಬಾಗಿಲು ತಟ್ಟಲ್ಲ.