ಹಳೆಯ ಪಿಕಪ್ ಟ್ರಕ್ಕಿನ ಪೆಟ್ರೋಲ್ ನಾಳ

ಅಮೆರಿಕದ ಹಳ್ಳಿಗಾಡಿನ ಬದುಕಿನಲ್ಲಿ ಪಿಕಪ್ ಟ್ರಕ್ಕಿಗೆ ಇರುವ ಸ್ಥಾನ ನಮ್ಮಲ್ಲಿ ಒಂದು ಕಾಲಕ್ಕೆ ಎತ್ತಿನ ಗಾಡಿಗಿದ್ದಂಥದು. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ಹುಲ್ಲು, ಗೊಬ್ಬರ, ಕರು ಏನನ್ನಾದರೂ ಹೇರಬಹುದಾದ ತೆರೆದ ತೊಟ್ಟಿ. ಐವತ್ತು ಅರವತ್ತು ವರ್ಷ ಹಿಂದಿನ ಇಂಥ ಟ್ರಕ್ಕುಗಳನ್ನು ಹುಡುಕಿ ತಂದು, ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಿ ಮತ್ತೆ ರಸ್ತೆಗಿಳಿಸುವುದು ಅಲ್ಲಿ ಸಾವಿರಾರು ಮಂದಿಯ ಹವ್ಯಾಸ. ನೋಡುವವರ ಕಣ್ಣು ಹೋಗುವುದು ಬಣ್ಣಕ್ಕೆ, ಎಂಜಿನ್ನಿಗೆ. ಬೆರಳಿಗಿಂತ ತೆಳ್ಳಗಿನ ಪೆಟ್ರೋಲ್ ಕೊಳವೆಯನ್ನು ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಅದನ್ನು ತಪ್ಪು ದಾರಿಯಲ್ಲಿ ಹಾಯಿಸಿದರೆ, ಸಡಿಲವಾಗಿ ಬಿಗಿದರೆ, ಟ್ರಕ್ಕಿನ ಜೊತೆಗೆ ಮನೆಯೂ ಸುಟ್ಟುಹೋದೀತು.

ಕೊಳವೆಯ ದಾರಿಯನ್ನು ನಿರ್ಧರಿಸುವುದು ಟ್ಯಾಂಕ್ ಇರುವ ಜಾಗ. ಆ ಜಾಗ ಹಲವು ಬಾರಿ ಬದಲಾಗಿದೆ. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ವಾಹನಕ್ಕೆ ಹಿಂಬದಿಯಲ್ಲಿ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಕಾರ್ಖಾನೆಯಿಂದಲೇ ಪೂರ್ತಿ ತಯಾರಾಗಿ ಬಂದ ಮೊದಮೊದಲ ಪಿಕಪ್ಪುಗಳಲ್ಲಿ ಅದೂ ಒಂದು. ಅದರ ಟ್ಯಾಂಕ್ ಇದ್ದುದು ಆಸನದ ಕೆಳಗೆ. ಪಂಪು ಇರಲಿಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಎಂಜಿನ್ನಿಗೆ ಇಳಿದುಬರಬೇಕಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದು ಕಡಿದಾದ ಏರು ಬಂದರೆ ಎಂಜಿನ್ನೇ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಗಾಡಿ ನಿಂತುಬಿಡುತ್ತಿತ್ತು. ಆಗ ಚಾಲಕ ಗಾಡಿಯನ್ನು ತಿರುಗಿಸಿ, ಹಿಂದುಹಿಂದಾಗಿ ಗುಡ್ಡ ಹತ್ತಿಸುತ್ತಿದ್ದ.

ಎಂಜಿನ್ನಿನ ಬಲದಿಂದಲೇ ನಡೆಯುವ ಪಂಪು ಬಂದ ಮೇಲೆ ಈ ಕಟ್ಟುಪಾಡು ತಪ್ಪಿತು. ಷೆವರ್ಲೆ ಕಂಪನಿ 1949ರಲ್ಲಿ ಪಿಕಪ್ಪಿನ ಟ್ಯಾಂಕನ್ನು ಕ್ಯಾಬಿನ್ನಿನ ಒಳಗೆ, ಆಸನದ ಬೆನ್ನ ಹಿಂದೆ ನಿಲ್ಲಿಸಿತು. 1972ರವರೆಗೂ ಅದು ಅಲ್ಲೇ ಇತ್ತು. ತೊಟ್ಟಿಯ ಕೆಳಗಿನ ಜಾಗ ಉಳಿಯಿತು, ಕಲ್ಲು ಕೆಸರಿನ ಕಾಟ ತಪ್ಪಿತು, ಕೊಳವೆಯ ದಾರಿಯೂ ಚಿಕ್ಕದಾಯಿತು. ಆದರೆ ಇಡೀ ಸಂಸಾರ ಸುಮಾರು 75 ಲೀಟರ್ ಪೆಟ್ರೋಲಿಗೆ ಒರಗಿಕೊಂಡು ಪಯಣಿಸುವಂತಾಯಿತು. ಆಗ ಸಿಗರೇಟು ಸೇದುತ್ತಾ ವಾಹನ ಓಡಿಸುವುದೂ ಸಾಮಾನ್ಯವಾಗಿತ್ತು.

1973ರ ಹೊಸ ಮಾದರಿಯಲ್ಲಿ ಜನರಲ್ ಮೋಟಾರ್ಸ್ ಟ್ಯಾಂಕನ್ನು ಕ್ಯಾಬಿನ್ನಿನಿಂದ ಹೊರಕ್ಕೆ ತಂದು, ಚಾಸಿಯ ಉಕ್ಕಿನ ತೊಲೆಯ ಹೊರಮಗ್ಗುಲಿಗೆ ಕಟ್ಟಿತು. ಬದಿಯಿಂದ ವಾಹನ ಬಂದು ಗುದ್ದಿದರೆ ಪೆಟ್ಟು ನೇರವಾಗಿ ಟ್ಯಾಂಕಿಗೇ ಬೀಳುತ್ತದೆ ಎಂಬ ಆಕ್ಷೇಪ ಎದ್ದಿತು. 1992ರ ನವೆಂಬರಿನಲ್ಲಿ ಎನ್‌ಬಿಸಿ ದೂರದರ್ಶನ ಜಾಲ ಡಿಕ್ಕಿಯ ಪ್ರಯೋಗವೊಂದನ್ನು ಪ್ರಸಾರ ಮಾಡಿತು. ಬೆಂಕಿ ಹೊತ್ತಲೆಂದು ಟ್ರಕ್ಕಿಗೆ ಮೊದಲೇ ಆಟಿಕೆ ರಾಕೆಟ್ಟಿನ ಸಿಡಿಗುಂಡುಗಳನ್ನು ಕಟ್ಟಲಾಗಿತ್ತು ಎಂಬುದು ಬಯಲಾಗಿ, 1993ರ ಫೆಬ್ರುವರಿಯಲ್ಲಿ ಅದು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ವಿವಾದ ಮುಗಿದದ್ದು 1994ರ ಡಿಸೆಂಬರಿನಲ್ಲಿ. ಟ್ರಕ್ಕುಗಳನ್ನು ವಾಪಸು ಕರೆಸುವ ಬದಲು ಸುರಕ್ಷತಾ ಕಾರ್ಯಗಳಿಗೆ 5 ಕೋಟಿ ಡಾಲರಿಗೂ ಮೀರಿ ಹಣ ಕೊಡಲು ಕಂಪನಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಅಷ್ಟರಲ್ಲಾಗಲೇ, 1988ರ ಮಾದರಿಯಲ್ಲಿ, ಟ್ಯಾಂಕ್ ಎರಡು ತೊಲೆಗಳ ನಡುವಿನ ರಕ್ಷಿತ ಜಾಗಕ್ಕೆ ಬಂದಿತ್ತು.

ಈ ಪಾಠ ಕಲಿತ ಹವ್ಯಾಸಿಗಳು ಇಂದು 1972ರ ಹಿಂದಿನ ಟ್ರಕ್ಕುಗಳಲ್ಲೂ ಟ್ಯಾಂಕನ್ನು ಕ್ಯಾಬಿನ್ನಿನಿಂದ ತೆಗೆದು ತೊಟ್ಟಿಯ ಕೆಳಗೆ, ತೊಲೆಗಳ ನಡುವೆ ಕೂರಿಸುತ್ತಾರೆ. ಟ್ಯಾಂಕ್ ಹಿಂದಕ್ಕೆ ಹೋದರೆ ಎಂಜಿನ್ನಿನವರೆಗೆ ಹೊಸ ಕೊಳವೆ ಎಳೆಯಲೇಬೇಕು. ನಿಜವಾದ ಪರೀಕ್ಷೆ ಇರುವುದು ಇಲ್ಲಿ.

ಮೊದಲ ಪ್ರಶ್ನೆ, ಯಾವ ಕೊಳವೆ? ಕೈಯಲ್ಲೇ ಬಾಗುವ ತಾಮ್ರದ ಮೇಲೆ ಮನಸ್ಸು ಹೋಗುವುದು ಸಹಜ. ಆದರೆ ತಾಮ್ರಕ್ಕೆ ಒಂದು ದುರ್ಗುಣವಿದೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಅದು ಗಡಸಾಗಿ ಕೊನೆಗೆ ತುಂಡಾಗುತ್ತದಲ್ಲವೆ? ಓಡುವ ವಾಹನದ ಸತತ ಅದುರಾಟದಲ್ಲಿ ತಾಮ್ರದ ಕೊಳವೆಗೂ ಇದೇ ಗತಿ. ಆದ್ದರಿಂದ ಅನುಭವಿಗಳು ಉಕ್ಕಿನ ಕೊಳವೆಯನ್ನೇ ಬಳಸುತ್ತಾರೆ. ಇಲ್ಲವೇ ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಮಿಶ್ರಲೋಹದ್ದನ್ನು. ಇದು ಸುಲಭವಾಗಿ ಬಾಗುತ್ತದೆ, ತುಕ್ಕೂ ಹಿಡಿಯದು.

ಎರಡನೆಯದು ದಾರಿ. ಕೊಳವೆ ತೊಲೆಯ ಒಳಮಗ್ಗುಲಲ್ಲಿ, ಅದರ ಕೆಳ ಅಂಚಿಗಿಂತ ಮೇಲೆ ಸಾಗಬೇಕು. ಆಗ ಚಕ್ರದಿಂದ ಚಿಮ್ಮಿದ ಕಲ್ಲಾಗಲೀ ಜ್ಯಾಕಾಗಲೀ ಅದನ್ನು ತಾಕದು. ಸೈಲೆನ್ಸರ್ ಪೈಪು ಒಂದು ಬದಿಗಿದ್ದರೆ ಪೆಟ್ರೋಲ್ ಕೊಳವೆ ಇನ್ನೊಂದು ಬದಿಗಿರಬೇಕು. ಬೆಂಕಿಯ ಬಳಿ ಬೆಣ್ಣೆ ಇಡಬಾರದು ಎಂಬ ನಮ್ಮ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಅಪಾಯ ಬೆಂಕಿಯೊಂದರದೇ ಅಲ್ಲ. ಹಳೆಯ ಪಂಪು ಎಂಜಿನ್ನಿನ ಬಳಿ ಕೂತು ಪೆಟ್ರೋಲನ್ನು ಹೀರುತ್ತದೆ. ಹೀರುವಾಗ ಕೊಳವೆಯೊಳಗಿನ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದ ದ್ರವ ಬೇಗ ಕುದಿಯುತ್ತದೆ. ಶಾಖ ತಗುಲಿದರೆ ಕೊಳವೆಯೊಳಗೇ ಆವಿ ಕಟ್ಟಿಕೊಂಡು, ಬೇಸಿಗೆಯ ಮಧ್ಯಾಹ್ನ ಟ್ರಕ್ ನಡುದಾರಿಯಲ್ಲಿ ನಿಲ್ಲುತ್ತದೆ.

ಮೂರನೆಯದು ಬಿಗಿಯುವುದು. ಕೊಳವೆಗಳು ಹೆಚ್ಚಾಗಿ ಹಾಳಾಗುವುದು ಒಳಗಿನ ಪೆಟ್ರೋಲಿನಿಂದಲ್ಲ, ಉಜ್ಜಾಟದಿಂದ. ಸಡಿಲವಾದ ಕೊಳವೆ ಉಕ್ಕಿನ ಅಂಚಿಗೆ ದಿನವೂ ತಿಕ್ಕಿಕೊಂಡು ಸವೆದು ತೂತಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಒಂದೂವರೆ ಅಡಿಗೊಂದರಂತೆ ರಬ್ಬರ್ ಹೊದಿಕೆಯ ಕ್ಲಿಪ್ಪುಗಳನ್ನು ತೊಲೆಗೆ ಬೋಲ್ಟಿನಿಂದ ಬಿಗಿಯುತ್ತಾರೆ. ತಿರುವಿನ ಎರಡೂ ಕಡೆ ತಲಾ ಒಂದು. ಅಡ್ಡಪಟ್ಟಿಯ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬಳೆ ತೊಡಿಸುತ್ತಾರೆ. ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಬಿಡುವ ಸುಲಭದ ಉಪಾಯ ಬಹುಕಾಲ ಬಾಳದು. ಶಾಖಕ್ಕೆ ಆ ಪಟ್ಟಿ ಪೆಡಸಾಗಿ ಮುರಿಯುತ್ತದೆ.

ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ ಅಲುಗುತ್ತಿರುತ್ತದೆ, ಚಾಸಿ ಅಲುಗದು. ಎರಡರ ನಡುವೆ ಗಟ್ಟಿ ಕೊಳವೆ ಹಾಕಿದರೆ ಒಂದು ದಿನ ಬಿರುಕು ಬಿಡುವುದು ಖಂಡಿತ. ಅಲ್ಲಿ ಗೇಣುದ್ದದ ರಬ್ಬರ್ ಪೈಪು ಬೇಕು. ಲೋಹದ ಕೊಳವೆಯ ತುದಿಯಲ್ಲಿ ಸುತ್ತಲೂ ಸಣ್ಣ ಉಬ್ಬು ಎಬ್ಬಿಸಿ, ರಬ್ಬರನ್ನು ಅದರಾಚೆಗೆ ತಳ್ಳಿ, ಉಬ್ಬಿನ ಹಿಂದೆ ಕ್ಲಾಂಪು ಬಿಗಿದರೆ ಪೈಪು ಜಾರದು.

ಹಳೆಯ ಟ್ರಕ್ಕಿಗೆ ಹೊಸ ಎಂಜಿನ್ ಕೂರಿಸುವವರು ಇನ್ನೂ ಎಚ್ಚರದಿಂದಿರಬೇಕು. ಕಾರ್ಬ್ಯುರೇಟರಿಗೆ ಬೇಕಾದ ಒತ್ತಡ ಚದರ ಅಂಗುಲಕ್ಕೆ 4ರಿಂದ 7 ಪೌಂಡು. ಫ್ಯೂಯೆಲ್ ಇಂಜೆಕ್ಷನ್ ಎಂಜಿನ್ನಿಗೆ 40ರಿಂದ 60 ಪೌಂಡು. ಇದಕ್ಕೆ ವಿದ್ಯುತ್ ಪಂಪು ಟ್ಯಾಂಕಿನ ಬಳಿಯಿದ್ದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಹೀರುವ ಕೊಳವೆಯಲ್ಲಿ ಸಣ್ಣ ತೂತಾದರೆ ಗಾಳಿ ಒಳಸೇರಿ ಎಂಜಿನ್ ಮುಗ್ಗರಿಸುತ್ತದೆ, ಅಷ್ಟೆ. ತಳ್ಳುವ ಕೊಳವೆಯಲ್ಲಿ ಅದೇ ತೂತಾದರೆ ಪೆಟ್ರೋಲ್ ಪಿಚಕಾರಿಯಂತೆ ಹೊರಗೆ ಚಿಮ್ಮುತ್ತದೆ. ಆದ್ದರಿಂದಲೇ ಕಾರ್ಬ್ಯುರೇಟರಿನ ರಬ್ಬರ್ ಪೈಪು ಇಂಜೆಕ್ಷನ್ನಿಗೆ ಸಲ್ಲದು. ಪೈಪಿನ ಮೈಮೇಲೆಯೇ ದರ್ಜೆ ಅಚ್ಚಾಗಿರುತ್ತದೆ: 30 ಆರ್ 7 ಎಂದರೆ ಕಡಿಮೆ ಒತ್ತಡದ್ದು, 30 ಆರ್ 9 ಎಂದರೆ ಹೆಚ್ಚು ಒತ್ತಡ ತಾಳುವಂಥದು.

ರಬ್ಬರಿನ ಈ ಮಾತು ನಮ್ಮ ಊರುಗಳಿಗೂ ಸಲ್ಲುತ್ತದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಬಿರಿಸುತ್ತದೆ, ತೇವವನ್ನು ಸೆಳೆದು ಉಕ್ಕಿಗೆ ತುಕ್ಕು ತರುತ್ತದೆ. ಅಮೆರಿಕದ ಬಂಕುಗಳಲ್ಲಿ ಸಿಗುವ ಬಹುಪಾಲು ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡ 10. ನಮ್ಮಲ್ಲಿ ಶೇಕಡ 20ರ ಮಿಶ್ರಣದ ಮಾರಾಟಕ್ಕೆ ಚಾಲನೆ ದೊರೆತದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಹಳೆಯ ಜೀಪು, ಅಂಬಾಸಿಡರುಗಳನ್ನು ಇನ್ನೂ ಓಡಿಸುತ್ತಿರುವವರು ಬಾನೆಟ್ ಎತ್ತಿ ರಬ್ಬರ್ ಪೈಪುಗಳನ್ನು ಒಮ್ಮೆ ಒತ್ತಿ ನೋಡುವುದು ಒಳ್ಳೆಯದು. ಮೆತ್ತಗಾಗಿದ್ದರೆ, ಇಲ್ಲವೇ ಸಣ್ಣ ಬಿರುಕು ಕಂಡರೆ ಬದಲಿಸಬೇಕು.

ಕೆಲಸಕ್ಕೆ ಮೊದಲು ಬ್ಯಾಟರಿಯ ತಂತಿ ಕಳಚುವುದು ಮೊದಲ ನಿಯಮ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕ್ ಹೆಚ್ಚು ಅಪಾಯಕಾರಿ ಎಂಬುದು ಅನೇಕರಿಗೆ ತಿಳಿಯದು. ಹೊತ್ತಿಕೊಳ್ಳುವುದು ದ್ರವವಲ್ಲ, ಆವಿ. ಅದು ಗಾಳಿಗಿಂತ ಭಾರ. ನೆಲದ ಮೇಲೆ ಹರಡಿ ಮೂಲೆಯಲ್ಲಿ ಉರಿಯುವ ಸಣ್ಣ ಜ್ವಾಲೆಯನ್ನೂ ತಲುಪುತ್ತದೆ. ಅಮೆರಿಕದ ಮನೆಗಳ ಗ್ಯಾರೇಜಿನಲ್ಲಿಡುವ ಗ್ಯಾಸ್ ಬಾಯ್ಲರಿನ ಜ್ವಾಲೆ ನೆಲದಿಂದ 18 ಅಂಗುಲ ಮೇಲಿರಬೇಕು ಎಂದು ಅಲ್ಲಿನ ನಿಯಮಗಳು ಹೇಳುವುದು ಇದಕ್ಕೇ.

ಕೆಲಸ ಮುಗಿದ ಮೇಲೆ ಎಂಜಿನ್ ಚಾಲು ಮಾಡಿ, ಪ್ರತಿಯೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ ನೋಡಬೇಕು. ನಾಲ್ಕು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಕ್ಲಾಂಪುಗಳನ್ನು ಬಿಗಿಯಬೇಕು. ಟ್ಯಾಂಕನ್ನು ಎಲ್ಲಿಡಬೇಕು ಎಂದು ತಿಳಿಯಲು ದೊಡ್ಡ ಕಂಪನಿಗಳಿಗೇ ಅರವತ್ತು ವರ್ಷ ಬೇಕಾಯಿತು. ಕೊಳವೆಯನ್ನು ಸರಿಯಾಗಿ ಬಿಗಿಯಲು ಒಂದು ದಿನ ಹೆಚ್ಚಾದರೆ ನಷ್ಟವೇನೂ ಇಲ್ಲ.